ತಾಡಪತ್ರಿಯ ಬಾಗಿಲು ಮೂಡಕ್ಕೆ

ಇರಕಲ್ಲಗಡದ ಆಚೆ, ಶೇಂಗಾ ಕಿತ್ತ ಹೊಲಗಳಲ್ಲಿ ಕುರಿ ತಂಗಿಸುತ್ತ ಹೊರಟಿದ್ದೇವೆ. ದಸರೆಯ ಸೂಟಿಗೆ ತಮ್ಮನೂ ಬಂದಿದ್ದಾನೆ. ಅವನು ಸಾಲಿ ಮಾಸ್ತರ. ನಾನು ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟು ಕುರಿಯ ಹಿಂದೆ ಬಿದ್ದವನು.

ನಿನ್ನೆ ಸಂಜೆ ಅವನು ಕಲ್ಲು ಮಗುಚಿ ಚೇಳು ಇವೆಯೇ ಎಂದು ನೋಡಿ, ತಾಡಪತ್ರಿಯ ಟೆಂಟ್ ಕಟ್ಟಿದ. ಊರಿಂದ ಬುತ್ತಿ ತಂದಿದ್ದ ನನ್ನ ಹೆಂಡತಿ ನಿಂತು ನೋಡಿದಳು.

“ಮೈದುನ ಎಷ್ಟು ಛಲೋ ಕಟ್ಟ್ಯಾನ ನೋಡ್ರಿ! ಇಷ್ಟು ವರ್ಷ ಬಯಲಾಗ ಮಲಗೀರಿ, ನಿಮಗ ಹೊಳೀಲಿಲ್ಲ.”

ನನ್ನ ಹೊಟ್ಟೆ ಉರಿಯಿತು. ಟೆಂಟಿನ ಬಾಗಿಲು ಮೂಡಕ್ಕಿತ್ತು. ಮಳೆ ಮುಗಿದ ಮೇಲೆ ಗಾಳಿ ತಿರುಗಿ, ಚಳಿಯೆಲ್ಲ ಮೂಡಲಿಂದಲೇ ನುಗ್ಗುತ್ತದೆ. ಗೊತ್ತಿದ್ದೂ ಹೇಳಲಿಲ್ಲ. ಗಾಳಿ ತಾಗದ ಹಾಗೆ, ಅಲ್ಲೇ ಇದ್ದ ಬಂಡೆಯ ಪಡುವಣ ಮಗ್ಗುಲಿಗೆ ನನ್ನ ಹಾಸಿಗೆ ಹಾಸಿಕೊಂಡೆ.

ಬೆಳಿಗ್ಗೆ ತಮ್ಮ ಬೆಂಕಿಯ ಮುಂದೆ ಮುದುಡಿ ಕೂತು ಕೆಮ್ಮುತ್ತಿದ್ದ. ಅವನ ಕಂಬಳಿ ನನ್ನ ಮೇಲಿತ್ತು.

“ನೀ ಬಯಲಾಗ ಮಲಗಿದ್ದಿ ಅಣ್ಣಾ, ನನಗರ ಟೆಂಟ್ ಇತ್ತು,” ಎಂದ.

ಈಗ ಮುಂದಿನ ಹೊಲದಲ್ಲಿ ಕೆಮ್ಮುತ್ತಲೇ ಗೂಟ ಬಡಿಯುತ್ತಿದ್ದಾನೆ. ಬಾಗಿಲು ಮತ್ತೆ ಮೂಡಕ್ಕೆ. ಈ ಸಲ ಹೇಳುತ್ತೇನೆ. ಆದರೆ ಹೆಂಡತಿ ಬುತ್ತಿ ತರುವ ತನಕ ಕಾಯುತ್ತಿದ್ದೇನೆ. ಅವಳ ಕಿವಿಗೂ ಬೀಳಲಿ.