ಟೆಂಡರ್ ಪುಟದ ಹೊದಿಕೆ

ಪುಸ್ತಕಕ್ಕೆ ಬೈಂಡು ಹಾಕಲು ದಿನಪತ್ರಿಕೆಯ ಯಾವ ಪುಟ ಒಳ್ಳೆಯದೆಂದು ನೀವು ಯೋಚಿಸಿರಲಾರಿರಿ, ನಾನು ಯೋಚಿಸಿದ್ದೇನೆ. ಸಿನಿಮಾ ಪುಟ ಹಾಕಿದರೆ ಬಸ್ಸಿನಲ್ಲಿ ಎದುರು ಕೂತವರ ಕಣ್ಣು ಅಲ್ಲಿಗೇ ಬೀಳುತ್ತದೆ. ಕ್ರೀಡಾ ಪುಟವಾದರೆ ಪಕ್ಕದವರು ತಲೆ ಓರೆಮಾಡಿ, ನಿನ್ನೆಯ ಪಂದ್ಯವನ್ನು ನಮ್ಮ ತೊಡೆಯ ಮೇಲೆಯೇ ಓದಿ ಮುಗಿಸುತ್ತಾರೆ. ಎಲ್ಲಕ್ಕಿಂತ ಕ್ಷೇಮವಾದದ್ದು ಟೆಂಡರ್ ಪ್ರಕಟಣೆಗಳ ಪುಟ: ಒಳಚರಂಡಿಯ ದುರಸ್ತಿ, ಬೀದಿದೀಪದ ಕಂಬ, ಹಳೆಯ ಪೈಪುಗಳ ಹರಾಜು. ಅದರ ಮೇಲೆ ಬಿದ್ದ ಕಣ್ಣು ತಾನಾಗಿಯೇ ಬೇರೆ ಕಡೆ ಹೊರಳುತ್ತದೆ. ಆ ಬೂದು ಕಾಗದದ ಮರೆಯಲ್ಲಿ ಪುಣೆಯ ಸ್ವಾರಗೇಟಿನಿಂದ ಕಚೇರಿಯವರೆಗೆ ನಾನು ಓದುತ್ತಿದ್ದದ್ದು ಮಾಯಾನಿಧಿಯ ಕತೆ.

ಅದೊಂದು ಇಂಗ್ಲಿಷ್ ಕಾದಂಬರಿ ಮಾಲೆ, ಒಟ್ಟು ಏಳು ಭಾಗ. ಕತೆ ನಡೆಯುವುದು ಕಾಡಿನಲ್ಲಲ್ಲ, ಕೋಟೆಯಲ್ಲಲ್ಲ, ನಮ್ಮ ಪುಣೆಯಂತೆಯೇ ಸದಾ ಅಗೆಸಿಕೊಳ್ಳುತ್ತಿರುವ ಒಂದು ನಗರದಲ್ಲಿ. ನೆಲದಡಿ ಹುದುಗಿದ ಮಾಂತ್ರಿಕ ವಸ್ತುಗಳು ಒಳಗಿಂದಲೇ ಗುನುಗುವುದು ನಾಯಕಿಗೆ ಕೇಳಿಸುತ್ತದೆ. ನಾಯಕ ಹರಿದ ನಕ್ಷೆಗಳನ್ನು ಹೊಲಿಯುವವನು. ಮೆಟ್ರೋ ಸುರಂಗದ ಪಕ್ಕ, ನಿಂತ ಗಡಿಯಾರ ಗೋಪುರದ ಹೊಟ್ಟೆಯಲ್ಲಿ, ಹಳೆಯ ಈಜುಕೊಳದ ಅಂಚುಕಲ್ಲುಗಳ ಕೆಳಗೆ, ಭಾಗಕ್ಕೊಂದು ನಿಧಿಯನ್ನು ಅವರು ಹುಡುಕುತ್ತಾರೆ. ನಡುನಡುವೆ ಒಬ್ಬರನ್ನೊಬ್ಬರು ಇಷ್ಟಪಡುತ್ತಾರೆ, ಆದರೆ ಹೇಳುವುದಿಲ್ಲ. ಐದು ಭಾಗ ಮುಗಿದರೂ ಕೈ ಹಿಡಿದದ್ದು ಒಮ್ಮೆ ಮಾತ್ರ, ಅದೂ ಸುರಂಗ ಕುಸಿಯುತ್ತಿದ್ದುದರಿಂದ.

ಈಗ ನನ್ನ ಉದ್ಯೋಗ ಹೇಳಿದರೆ ನನ್ನ ನಾಚಿಕೆ ನಿಮಗೆ ಅರ್ಥವಾದೀತು. ತುಮಕೂರು ಬಿಟ್ಟು ಬಂದು ಇಲ್ಲಿನ ಪತ್ರಿಕೆಯೊಂದರ ಸಂಪಾದಕೀಯ ಮೇಜಿನಲ್ಲಿ ತಲೆ ನರೆಸಿಕೊಂಡವನು ನಾನು. ಅಪಘಾತ 'ಭೀಕರ'ವಾಗದಂತೆ, ಸಭೆ 'ಅಭೂತಪೂರ್ವ'ವಾಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಹೊಸದಾಗಿ ಸೇರಿದ ಪ್ರತಿಯೊಬ್ಬ ವರದಿಗಾರನಿಗೂ ನಾನು ಕೇಳುವ ಮೊದಲ ಪ್ರಶ್ನೆ, "ಇದನ್ನು ಹೇಳಿದವರು ಯಾರು?" ಉತ್ತರ ತಡವರಿಸಿದರೆ ಆ ಸಾಲು ಹೋಯಿತೆಂದೇ ಲೆಕ್ಕ. ತಪ್ಪಿಗೆ ತಿದ್ದುಪಡಿ ಉಂಟು, ಅವಸರಕ್ಕೆ ಕ್ಷಮೆ ಉಂಟು. ಇಲ್ಲದ ಮನುಷ್ಯನ ಬಾಯಲ್ಲಿ ಮಾತು ಇಟ್ಟವನಿಗೆ ನಮ್ಮ ಕಸುಬಿನಲ್ಲಿ ಎರಡೂ ಇಲ್ಲ. ಇಂಥವನು, ಮದುವೆಯ ಮಾತನ್ನು ಮುಂದೂಡುತ್ತ ಐವತ್ತು ದಾಟಿದವನು, ಇಬ್ಬರು ಕಲ್ಪಿತ ವ್ಯಕ್ತಿಗಳು ಯಾವಾಗ ಬಾಯಿ ಬಿಟ್ಟಾರೆಂದು ಬಸ್ಸಿನಲ್ಲಿ ಉಸಿರು ಬಿಗಿಹಿಡಿದು ಕೂರುವುದೆಂದರೆ, ನೀವೇ ಹೇಳಿ, ಟೆಂಡರ್ ಪುಟವಲ್ಲದೆ ಇನ್ನೇನು ಗತಿ?

ಪುಸ್ತಕ ಸಿಗುತ್ತಿದ್ದದ್ದು ಸ್ವಾರಗೇಟಿನ ಹಿಂದಿನ ಒಂದು ವಾಚನಾಲಯದಲ್ಲಿ. ಮೊದಲ ಭಾಗ ಎತ್ತಿಕೊಂಡ ದಿನ ಅಲ್ಲಿ ಪುಸ್ತಕ ಕೊಡುವ ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೇಳದ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ: "ಅಣ್ಣನ ಮಗಳಿಗೆ." ಅಣ್ಣನ ಮಗಳು ಇರುವುದು ನಿಜ. ಅನನ್ಯ, ಊರಂಚಿನ ನಿಗಡಿಯಲ್ಲಿ ಗೆಳತಿಯರೊಂದಿಗೆ ಮನೆ ಮಾಡಿಕೊಂಡು ಸಾಫ್ಟ್‌ವೇರ್ ಕಂಪನಿಗೆ ಹೋಗುತ್ತಾಳೆ. ಕಾದಂಬರಿ ಎಂದರೆ ಅವಳಿಗೆ ಆಕಳಿಕೆ.

ಆ ಮಾತು ಪಕ್ಕದ ಕಪಾಟಿನ ಬಳಿ ನಿಂತಿದ್ದ ಗಿರಿಜಾ ಟೀಚರ್ ಕಿವಿಗೆ ಬಿತ್ತು. ಗದಗಿನ ಕಡೆಯವರು, ಪುಣೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಅದೇ ಮಾಲೆಯನ್ನು ರಾಜಾರೋಷವಾಗಿ ಎದೆಗವಚಿಕೊಂಡು ಹೋಗುವವರು. "ನಿಮ್ಮ ಹುಡುಗಿ ಇದನ್ನ ಓದ್ತಾಳೇನ್ರಿ? ಭಾಳ ಛಲೋ ಆತು. ನಮ್ಮ ಮನ್ಯಾಗ ಎಲ್ಲಾರೂ ನಗತಾರ, ನೋಡ್ರಿ. ಈ ವಯಸ್ಸಿನಾಗ ನಿಮಗ್ಯಾಕ್ರಿ ಮಾಟದ ಕತಿ ಅಂತಾರ," ಎಂದರು. ಇದರ ಬಗ್ಗೆ ಮಾತಾಡಲು ಅವರಿಗೆ ಒಬ್ಬರೂ ಇರಲಿಲ್ಲ. ಆ ದಿನದಿಂದ ಒಬ್ಬಳು ಸಿಕ್ಕಳು.

ನಿಜವಾದ ನಿಧಿಶೋಧ ಶುರುವಾದದ್ದು ಅಲ್ಲಿಂದ ಎನ್ನಬೇಕು. ಶನಿವಾರ ಶನಿವಾರ ಟೀಚರ್ ಪ್ರಶ್ನೆ ಕಳಿಸುವರು, ಮುಂದಿನ ಶನಿವಾರ ನಾನು ಉತ್ತರ ತರುವೆನು. ನಕ್ಷೆ ಹೊಲಿಯುವವನು ಯಾಕೆ ಬಾಯಿ ಬಿಡುವುದಿಲ್ಲ ಎಂದು ಅವರು ಕೇಳಿದರೆ, ಬೇರೆಯವರು ಹೂತದ್ದನ್ನು ಹುಡುಕುವವನಿಗೆ ತಾನು ಹೂತದ್ದು ಸಿಗುವುದಿಲ್ಲ ಅಂತಾಳೆ ನಮ್ಮ ಹುಡುಗಿ ಎಂದೆ. ಟೀಚರ್ ಕಣ್ಣರಳಿಸಿದರು. ನನಗೂ ಅಚ್ಚರಿಯಾಯಿತು, ಅಂಥ ಮಾತು ನನ್ನೊಳಗಿದೆಯೆಂದು ಅದುವರೆಗೆ ಗೊತ್ತಿರಲಿಲ್ಲ. ಆ ಇಲ್ಲದ ಹುಡುಗಿ ಮೆಲ್ಲಮೆಲ್ಲನೆ ನನಗಿಂತ ಜಾಣೆಯೂ ಮೃದುವೂ ಆಗುತ್ತ ಬಂದಳು. ನಾಲ್ಕನೆಯ ಭಾಗದಲ್ಲಿ, ತೆರೆದರೆ ತನ್ನ ಮನಸ್ಸಿನಿಂದ ಗೆಳೆಯನ ನೆನಪೇ ಅಳಿಸಿಹೋಗುವುದೆಂದು ತಿಳಿದ ನಾಯಕಿ ನಿಧಿಯ ಪೆಟ್ಟಿಗೆಯನ್ನು ಮುಚ್ಚಿಬಿಡುತ್ತಾಳೆ. ಅದನ್ನು ಓದಿ ನಾನು ಬಸ್ಸಿನಲ್ಲೇ ಅತ್ತಿದ್ದೆ. ಟೀಚರ್ ಕೇಳಿದಾಗ "ಅತ್ತಳಂತೆ" ಎಂದೆ.

"ಪಾಪ, ಕೂಸು," ಎಂದರು ಟೀಚರ್. ಮುಂದಿನ ವಾರ ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಬಂತು. "ಹುಡುಗಿಗೆ ಕೊಡ್ರಿ. ತುಪ್ಪ ಹಚ್ಚಿ ತಿನ್ನಾಕ ಹೇಳ್ರಿ."

ಹೋಳಿಗೆ ನಾನು ತಿಂದೆ. ತುಪ್ಪ ಹಚ್ಚಿಯೇ ತಿಂದೆ. ಖಾಲಿ ಡಬ್ಬಿಯಲ್ಲಿ ಕಲ್ಲುಸಕ್ಕರೆ ತುಂಬಿ, "ಅವಳೇ ಕೊಟ್ಟಿದ್ದಾಳೆ" ಎಂದು ಹಿಂತಿರುಗಿಸಿದೆ. ಗೆಳೆಯರೇ, ಸುಳ್ಳಿಗೂ ಒಂದು ಸಭ್ಯತೆ ಇರುತ್ತದೆ. ಡಬ್ಬಿ ಬರಿದಾಗಿ ಮರಳಬಾರದು ಎಂಬ ತಾಯಿಯ ಪಾಠವನ್ನು ಅದೂ ಪಾಲಿಸುತ್ತದೆ. ಆ ಸಭ್ಯತೆಯನ್ನು ನೆನೆದರೆ ನನಗೆ ಸುಳ್ಳಿಗಿಂತ ಹೆಚ್ಚು ನಾಚಿಕೆ.

ಆರನೆಯ ಭಾಗ ಮುಗಿಯುವ ಹೊತ್ತಿಗೆ ಟೀಚರ್ ಒಂದು ಸುದ್ದಿ ಹೇಳಿದರು. ಪುಣೆಯ ಮನೆ ಬಿಟ್ಟು ಗದಗಿನಲ್ಲಿ ತಂಗಿಯ ಜೊತೆ ಇರಲು ಹೋಗುವವರಿದ್ದಾರೆ. "ಹೋಗೋದ್ರಾಗ ಹುಡುಗೀನ ಒಮ್ಮೆ ಕರಕೊಂಡ ಬರ್ರಿ. ಮಾರಿ ನೋಡಲಾರದ ಗೆಳೆತನ ಮಾಡೀನಿ. ನೋಡಲಾರದ ಹೆಂಗ ಹೋಗಲ್ರಿ?"

ಅಷ್ಟು ಹೊತ್ತಿಗಾದರೂ ನಿಜ ಹೇಳಬಹುದಿತ್ತು. ನಾನು ಮಾಡಿದ್ದೇನೆಂದರೆ ಅನನ್ಯಳನ್ನು ಚಹಾಕ್ಕೆ ಕರೆದು, ಆರು ಭಾಗಗಳ ಸಾರಾಂಶವನ್ನು, ಸುದ್ದಿಗೋಷ್ಠಿಗೆ ಹೊರಟ ವರದಿಗಾರನಿಗೆ ಹೇಳುವಂತೆ, ಚೊಕ್ಕಟವಾಗಿ ಹೇಳಿಕೊಟ್ಟದ್ದು. ಅವಳು ಬಿಸ್ಕತ್ತು ಅದ್ದುತ್ತ ಕೇಳಿದಳು.

"ಒಂದ್ ನಿಮಿಷ ಚಿಕ್ಕಪ್ಪ. ನಾನು ನೀವಾಗಿ ಆ್ಯಕ್ಟ್ ಮಾಡ್ಬೇಕು, ನೀವು ಇಷ್ಟು ದಿನ ನಾನಾಗಿ ಆ್ಯಕ್ಟ್ ಮಾಡಿದ್ರಿ ಅಂತ. ಅಷ್ಟೇ ತಾನೆ?"

"ಸುಮ್ನೆ ತಲೆ ಆಡಿಸು ಸಾಕು."

"ನಿಮ್ಮ ಡೆಸ್ಕಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಏನ್ ಮಾಡ್ತೀರ?"

ನಾನು ಚಹಾದ ಬಿಲ್ಲು ತರಿಸಿದೆ. ಅವಳು ಬರುತ್ತೇನೆಂದಳು, ಆದರೆ ಬಾಯಿ ಬಿಡುವುದಿಲ್ಲವೆಂದಳು.

ಶನಿವಾರ ಟೀಚರ್ ಇಳಕಲ್ ಸೀರೆ ಉಟ್ಟು ಬಂದಿದ್ದರು. ಕೈಯಲ್ಲಿ ಮತ್ತೆ ಅದೇ ಡಬ್ಬಿ. ಅನನ್ಯಳ ಎರಡೂ ಕೈ ಹಿಡಿದು ಅವಳನ್ನು ಬಹಳ ಹೊತ್ತು ನೋಡಿದರು. ಒಂದು ವರ್ಷದಿಂದ ಕಟ್ಟಿಕೊಂಡ ಮುಖಕ್ಕೂ ಎದುರಿನ ಮುಖಕ್ಕೂ ಹೊಂದಿಸುತ್ತಿದ್ದಾರೆಂದು ನನಗನ್ನಿಸಿತು. ಆಮೇಲೆ ಕೇಳಿದರು, "ನಾಕನೇ ಭಾಗದಾಗ ಅತ್ತಿಯಂತಲ್ಲವಾ. ಯಾವಾಗ ಅತ್ತಿ? ಪೆಟ್ಟಿಗಿ ಮುಚ್ಚಿದಾಗೋ, ಆಮ್ಯಾಲೋ?"

ಅನನ್ಯ ನನ್ನನ್ನು ನೋಡಿದಳು. ಕಾಕಾ ಕನ್ನಡಕದ ಮೇಲಿಂದ ನೋಡಿದರು. ಎಷ್ಟೋ ವರದಿಗಾರರು ನನ್ನ ಮೇಜಿನ ಮುಂದೆ ನಿಂತು ನೆಲ ನೋಡಿದ್ದು ನೆನಪಾಯಿತು. ನೆಲದಲ್ಲಿ ಉತ್ತರವಿರುವುದಿಲ್ಲ ಎಂಬುದು ನನಗೆ ನಾನೂ ನೆಲ ನೋಡಿದಾಗಲೇ ತಿಳಿದದ್ದು.

"ಆಮೇಲೆ," ಎಂದೆ. "ಆ ನಕ್ಷೆ ಹೊಲಿಯುವವನು ಏನೂ ತಿಳಿಯದೆ ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತುತ್ತಾನಲ್ಲ, ಆಗ. ಅತ್ತದ್ದು ನಾನು, ಟೀಚರ್. ಓದಿದ್ದೂ ನಾನೇ. ಹೇಳಿದ್ದೆಲ್ಲ ನಾನೇ."

ಟೀಚರ್ ಅನನ್ಯಳ ಕೈ ಬಿಡಲಿಲ್ಲ. "ಹೋಳಿಗಿ?" ಎಂದರು.

"ಅದೂ ನಾನೇ."

"ತುಪ್ಪ ಹಚ್ಚಿದ್ರ್ಯಾ?"

"ಹಚ್ಚಿದ್ದೆ."

ಅವರು ನಗಲಿಲ್ಲ. ಡಬ್ಬಿಯನ್ನು ಅನನ್ಯಳ ಕೈಗಿಟ್ಟು, "ನೀ ತಿನ್ನವ್ವ. ಇವರಿಗೆ ಕೊಡಬ್ಯಾಡ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಮೆತ್ತಗಿನ ದನಿಯಲ್ಲಿ, "ಆ ಹುಡುಗಿ ನನಗ ಭಾಳ ಬೇಕಾದಾಕಿ ಆಗಿದ್ಲು, ಸರ್," ಎಂದರು. ಸತ್ತವರ ಬಗ್ಗೆ ಆಡುವ ಧಾಟಿ ಅದು.

ಆವರೆಗೆ ನನ್ನ ನಾಚಿಕೆಯೆಲ್ಲ ಮಾಟಮಂತ್ರದ ಪುಸ್ತಕ ಓದುತ್ತೇನೆಂಬುದಕ್ಕೆ ಮೀಸಲಾಗಿತ್ತು. ಎಂಥ ಅಗ್ಗದ ನಾಚಿಕೆ. ಆ ಪುಸ್ತಕಗಳಲ್ಲಿ ಮಾಯೆಯಿದೆ, ಮೋಸವಿಲ್ಲ; ಗುನುಗುವ ಕಲ್ಲು ಗುನುಗುವ ಕಲ್ಲೆಂದೇ ಹೇಳಿಕೊಳ್ಳುತ್ತದೆ. ಮಾಟ ಮಾಡಿದವನು ದಿನವಿಡೀ ನಿಜ ಸೋಸುವ ನಾನು. ಈ ಕತೆಗಳ ಮೇಲಿನ ತನ್ನ ಪ್ರೀತಿಯನ್ನು ಮರೆಮಾಡದ ಒಬ್ಬ ಹೆಂಗಸು ಜೊತೆ ಬೇಕೆಂದು ಕೈ ಚಾಚಿದಾಗ, ಆ ಕೈಗೆ ನಾನು ಒಂದು ನೆರಳನ್ನು ಹಿಡಿಸಿದೆ. ನನ್ನ ಮಾನ ಉಳಿಯಲೆಂದು. ಉಳಿಸಿಕೊಳ್ಳಲು ಅಂಥ ಮಾನವಾದರೂ ಏನಿತ್ತು? ಮುದುಕನೊಬ್ಬ ಪ್ರೇಮಕತೆ ಓದುತ್ತಾನೆಂದು ತಿಳಿದರೆ ಪುಣೆಯ ಬಸ್ಸುಗಳೇನೂ ನಿಂತುಹೋಗುವುದಿಲ್ಲ.

ಏಳನೆಯ ಭಾಗದ ಒಂದೇ ಪ್ರತಿ ಬಂದಿತ್ತು, ಪಾಳಿಯಲ್ಲಿ ನಾನು ಮೊದಲು. ನೀವೇ ಮೊದಲು ಓದಿ ಎಂದು ಚಾಚಿದೆ. ಟೀಚರ್ ಮುಟ್ಟಲಿಲ್ಲ. "ಪಾಳಿ ಪಾಳೀನ. ಬರೋ ಶನಿವಾರ ತರ್ರಿ, ಅದಽ ನನ್ನ ಕಡೀ ಶನಿವಾರ. ಓದಿ ಏನನಿಸ್ತು ಅಂತ ನೀವಽ ಹೇಳಬೇಕು, ನಿಮ್ಮ ಮಾತಿನಾಗ. ಹೇಳಲಿಲ್ಲಂದ್ರ ನಾ ಇದನ್ನ ಓದಲಾರದಽ ಹೋಗತೀನಿ."

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಟೆಂಡರ್ ಪುಟ ಹರವಿದೆ, ಅಂಚು ಮಡಿಸಿದೆ, ಕತ್ತರಿ ಹುಡುಕಿದೆ. ಆಮೇಲೆ ಆ ಕಾಗದವನ್ನು ಡಬ್ಬಗಳ ಕಪಾಟಿನ ತಳಕ್ಕೆ ಹಾಸಿ, ಪುಸ್ತಕವನ್ನು ಬರಿಮೈಯಲ್ಲೇ ಕೈಗೆತ್ತಿಕೊಂಡೆ. ಹೊದಿಕೆಯಿಲ್ಲದ ಏಳನೆಯ ಭಾಗ ಹೇಗಿದೆಯೆಂದು ಏನು ಹೇಳಲಿ: ಉರಿಯುವ ಕೀಲಿಕೈ, ಗಾಳಿಗೆ ಹಾರುವ ಕೂದಲು, ಸುತ್ತಲೂ ಚಿನ್ನದ ಬಣ್ಣದ ಬಳ್ಳಿ. ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಪುಸ್ತಕ ನೋಡಿದಳು, ನನ್ನ ನರೆತ ತಲೆ ನೋಡಿದಳು, ಗೆಳತಿಯ ಕಿವಿಯಲ್ಲಿ ಏನೋ ಹೇಳಿದಳು. ಕಿವಿ ಬಿಸಿಯಾಯಿತು. ಪುಟ ತಿರುಗಿಸಿದೆ. ವಾರವಿಡೀ ಹೀಗೇ ಓದಿದೆ. ನಾಚಿಕೆ ಹೋಗಲಿಲ್ಲ, ಪಕ್ಕದ ಸೀಟಿನಲ್ಲಿ ಕೂತು ಜೊತೆಗೆ ಬಂತು.

ಪತ್ರಿಕೆಯ ಹೊದಿಕೆ ಇದ್ದಾಗ ಬೆರಳಿಗೆ ಕಪ್ಪು ಮಸಿ ಹತ್ತುತ್ತಿತ್ತು. ಅದು ನನ್ನ ಕಸುಬಿನ ಬಣ್ಣ, ಯಾರಿಗೂ ಸಂಶಯ ಬರುತ್ತಿರಲಿಲ್ಲ. ಈ ಪುಸ್ತಕದ ಅಗ್ಗದ ಚಿನ್ನದ ಬಣ್ಣವೂ ಬೆರಳಿಗೆ ಹತ್ತುವಂಥದ್ದೇ. ಶನಿವಾರ ವಾಚನಾಲಯದಲ್ಲಿ ಪುಸ್ತಕ ಚಾಚಿದಾಗ ಟೀಚರ್ ಅದನ್ನು ನೋಡಲಿಲ್ಲ, ಹೊಳೆಯುತ್ತಿದ್ದ ನನ್ನ ಹೆಬ್ಬೆರಳನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕೂತು, "ಹಾಂ, ಹೇಳ್ರಿ," ಎಂದರು.

ನಾನು ಎದುರಿನ ಸ್ಟೂಲಿನ ಮೇಲೆ ಕೂತೆ. ಆ ಇಲ್ಲದ ಹುಡುಗಿಯಷ್ಟು ಚೆನ್ನಾಗಿ ಹೇಳಲು ನನಗೆ ಬರಲಿಲ್ಲ. ಆದರೂ ಹೇಳಿದೆ.