ಶೋಕಿ ಅಕ್ಕ

ಗೆದ್ದರೂ ಸೋತರೂ ಮರುದಿನ ಜನ ಆಡಿಕೊಳ್ಳುವುದು ಆಟಗಾರ್ತಿಯ ಬಟ್ಟೆಯ ಬಗ್ಗೆಯೇ. ಫುಟ್‌ಬಾಲ್ ತಂಡದ ನಾಯಕಿಯನ್ನಂತೂ ಎಲ್ಲರೂ ಕರೆಯುವುದೇ ಶೋಕಿ ಅಕ್ಕ ಎಂದು. ಬೆಳಗಿನ ಅಭ್ಯಾಸಕ್ಕೂ ಅವಳು ಮದುವೆಮನೆಗೆ ಹೊರಟವಳಂತೆ ಬರುತ್ತಾಳೆ. ಬೂಟಿನ ದಾರಕ್ಕೂ ಉಗುರಿಗೂ ಒಂದೇ ಬಣ್ಣ. ಬಸ್ಸಿನಲ್ಲಿ ಅವಳ ಬಟ್ಟೆಯ ಚೀಲಗಳಿಗೆ ಸೀಟು, ಕೋಚ್‌ಗೆ ನಿಲ್ಲುವ ಜಾಗ. ಚೆಂಡು ಎದೆಗೆ ಬಡಿದರೂ ಮೊದಲು ಕಾಲರ್ ಸರಿಮಾಡಿಕೊಳ್ಳುತ್ತಾಳೆಂದು ಕೋಚ್ ಗೊಣಗಿದರೆ, "ಸೋತ್ರೂ ಚೆಂದ ಕಾಣ್ಬೇಕಲ್ಲ ಸಾರ್, ಗೆದ್ರೆ ಹೇಗೂ ನಿಮ್ಮ ಫೋಟೋನೇ ಬರತ್ತೆ" ಎನ್ನುತ್ತಾಳೆ. ಅವಳ ಬಟ್ಟೆ ಮುಟ್ಟಿದವರಿಗೆ ಉಳಿಗಾಲವಿಲ್ಲವೆಂದು ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಗೂ ಗೊತ್ತಿತ್ತು. ಫೈನಲ್ ಗೆದ್ದು ಎಲ್ಲರೂ ಪದಕಕ್ಕೆ ಹೊರಟಾಗ, ತನ್ನ ಬಿಳಿ ಚಡ್ಡಿಯ ಮೇಲೆ ಮುಟ್ಟಿನ ಕಲೆಯಾಗಿರುವುದು ತಿಳಿದು ಆ ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಪದಕವೇ ಬೇಡವೆನಿಸಿತು. ಅದನ್ನು ಕಂಡ ಶೋಕಿ ಅಕ್ಕ ತನ್ನ ಹೊಸ ರೇಷ್ಮೆ ಜಾಕೆಟ್ಟನ್ನು ಬಿಚ್ಚಿ ಅವಳ ಸೊಂಟಕ್ಕೆ ಬಿಗಿದಳು. "ಕಲೆ ಆಗತ್ತಕ್ಕಾ." "ಆಗ್ಲಿ ಬಿಡೇ." ಆಮೇಲೆ ಉಳಿದವರತ್ತ ತಿರುಗಿ, "ನೀವೂ ಹೀಗೇ ಕಟ್ಕೊಳ್ರೇ, ಇವಳೊಬ್ಬಳೇ ಬೇರೆ ಕಾಣ್ಬಾರ್ದು" ಎಂದಳು. ಇಡೀ ತಂಡ ಸೊಂಟಕ್ಕೆ ಜಾಕೆಟ್ ಕಟ್ಟಿಕೊಂಡೇ ವೇದಿಕೆ ಹತ್ತಿತು. ಪತ್ರಿಕೆಗಳು ಅದನ್ನು ಹೊಸ ಫ್ಯಾಷನ್ ಎಂದು ಕೊಂಡಾಡಿದವು. ಹುಡುಗಿ ಮಾತ್ರ ಮನೆಯಲ್ಲಿ ಅಮ್ಮನೆದುರು ಪತ್ರಿಕೆ ಹರಡಿ, ಫೋಟೋದಲ್ಲಿ ಶೋಕಿ ಅಕ್ಕನ ಮುಖದ ಮೇಲೆ ಬೆರಳಿಟ್ಟು, "ನನ್ನ ಮಾನ ಉಳಿಸಿದವಳು ಇವಳೇ ಅಮ್ಮಾ" ಎಂದಳು. ನಿಮ್ಮ ಮಗಳ ತಂಡಕ್ಕೂ ಬಿಳಿ ಚಡ್ಡಿ ಬಂದರೆ, ಅವಳು ಬಾಯಿ ಬಿಡುವವರೆಗೆ ಕಾಯಬೇಡಿ. ನೀವೇ ಹೋಗಿ ಅದನ್ನು ವಾಪಸ್ ಕೊಟ್ಟು, ಕಪ್ಪು ಚಡ್ಡಿ ಕೇಳಿ ಬನ್ನಿ.