ಇಲಾರಿಯೊ ಬಿಚ್ಚಿದ ಎಂಜಿನ್

ಇಟಲಿಯ ಲುಮೆಝಾನೆ ಊರಿನಲ್ಲಿ, ನೀರಿನ ನಲ್ಲಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಚ್ಚು ಕೆತ್ತುತ್ತಿದ್ದ ಇಲಾರಿಯೊ ನನ್ನ ಪಕ್ಕದ ಮನೆಯವನು. ಮದುವೆಯಾಗಿರಲಿಲ್ಲ. ಕೆಲಸ ಮುಗಿದರೆ ಅವನ ಕೈಯಲ್ಲಿ ಇರುತ್ತಿದ್ದದ್ದು ರಿಮೋಟಿನಿಂದ ಓಡುವ ಆಟದ ಕಾರಿನ ಎಂಜಿನ್. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ನೈಟ್ರೋ ಎಂಬ ಇಂಧನ ಕುಡಿದು ಕಿವಿ ಹರಿಯುವಂತೆ ಕಿರುಚುವಂಥದ್ದು. ಅವನ ಮನೆಯ ಮೆಟ್ಟಿಲಿಗೂ ಇಂಧನಕ್ಕೆ ಬೆರೆಸುವ ಹರಳೆಣ್ಣೆ ಸುಟ್ಟ ವಾಸನೆ ಅಂಟಿಕೊಂಡಿತ್ತು.

ಪಂದ್ಯಗಳಲ್ಲಿ ಆ ಕಾರು ಓಡಿಸುತ್ತಿದ್ದವನು ಒರೆಸ್ತೆ, ಇಲಾರಿಯೊನ ಅಕ್ಕ ಫುಲ್ವಿಯಾಳ ಗಂಡ. ಪಂದ್ಯ ಮುಗಿದ ಮೇಲೆ ಭಾವ ಕಪ್ ಹಿಡಿದು ಫೋಟೊಗೆ ನಿಂತರೆ, ಇವನು ಎಂಜಿನ್ ಹಿಡಿದು ಮನೆಗೆ ಬರುತ್ತಿದ್ದ. ಅದರ ತಲೆಯ ಸ್ಕ್ರೂಗಳನ್ನು ಎದುರುಬದುರಾಗಿ ಸಡಿಲಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಊದಿ, ಒಳಗಿನ ಸಿಲಿಂಡರ್ ಕೊಳವೆಯನ್ನು ಮೆಲ್ಲಗೆ ಹೊರಗೆಳೆಯುತ್ತಿದ್ದ. ಬೇರಿಂಗ್‌ಗಳನ್ನು ತೊಳೆದು ಎಣ್ಣೆ ಬಿಡುತ್ತಿದ್ದ. ಹಾಗೇ ಬಿಟ್ಟರೆ ಉಳಿದ ಇಂಧನ ತೇವ ಹೀರಿ ತುಕ್ಕು ಹಿಡಿಸುತ್ತದೆ ಎನ್ನುತ್ತಿದ್ದ.

ಒಂದು ವರ್ಷ ಚಳಿಗಾಲದ ಕೊನೆಯ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದ ಒರೆಸ್ತೆಯ ಕಾರು ಗಕ್ಕನೆ ನಿಂತಿತು. ಅವನು ರಿಮೋಟ್ ಹಿಡಿದು ನಿಲ್ಲುವ ಅಟ್ಟಣೆಯಿಂದ ಇಳಿದು ಬಂದವನೇ ಕಾರ್ ಕ್ಲಬ್ಬಿನವರೆಲ್ಲರ ಮುಂದೆ, "ನನ್ನ ಭಾಮೈದನಿಗೆ ಕಣ್ಣು ಕಾಣ್ಸಲ್ಲ ಈಗೀಗ. ಏನೋ ಅರ್ಧಂಬರ್ಧ ಜೋಡ್ಸಿದಾನೆ" ಎಂದ. ಜನ ನಕ್ಕರು. ಇಲಾರಿಯೊ ಬಿಸಿ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಬಿಟ್ಟ.

ಮರುದಿನ ಬಿಚ್ಚುವಾಗ ನಾನೂ ಇದ್ದೆ. ಪಿಸ್ಟನ್ನಿನ ಕೆಳಗಿನ ರಾಡು ಮುರಿದಿತ್ತು. ಪಿಸ್ಟನ್ನಿನ ನೆತ್ತಿ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು, ಕೊಳವೆಯ ಗೋಡೆಯಲ್ಲಿ ಉದ್ದುದ್ದ ಗೀರು. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಇಂಧನದ ಜೊತೆಗೇ. ವೇಗದ ಆಸೆಗೆ, ಇಂಧನದ ಹರಿವನ್ನು ಹದಗೊಳಿಸುವ ಸೂಜಿ ಬಿಗಿದರೆ ಎಣ್ಣೆಯೂ ಕಡಿಮೆಯಾಗಿ ಒಳಗೆಲ್ಲ ಬೆಂದುಹೋಗುತ್ತದೆ. ಇಲಾರಿಯೊ ಇಟ್ಟಿದ್ದ ಜಾಗದಿಂದ ಸೂಜಿ ತುಂಬ ಒಳಗೆ ಹೋಗಿತ್ತು. ಅವನ ಕೈ ದಾಟಿದ ಮೇಲೆ ಆ ಕಾರನ್ನು ಮುಟ್ಟಿದ್ದು ಒರೆಸ್ತೆ ಒಬ್ಬನೇ.

ಈಸ್ಟರ್ ಊಟಕ್ಕೆ ಅಕ್ಕನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು, ನಾನೂ ಹೋಗಿದ್ದೆ. ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಬಡಿಸುವಾಗ ಒರೆಸ್ತೆ ಮತ್ತೆ ಅದೇ ಕತೆ ತೆಗೆದು ನಗಿಸತೊಡಗಿದ. ಇಲಾರಿಯೊ ಜೇಬಿನಿಂದ ಪಿಸ್ಟನ್ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟ.

"ಭಾವ, ಸೂಜಿ ಬಿಗಿದಿದ್ದು ನೀವು."

ಒರೆಸ್ತೆ ಬಾಯಿ ಒರೆಸಿಕೊಂಡ. "ಹೌದು, ಬಿಗಿದೆ. ಗೆಲ್ಲೋಕೆ ತಾನೇ? ನೀನು ಸರಿಯಾಗಿ ಕಟ್ಟಿದ್ರೆ ತಡ್ಕೋತಿತ್ತು."

ಇಲಾರಿಯೊ ಅಕ್ಕನ ಮುಖ ನೋಡಿದ. ಅವಳಾದರೂ ಒಂದು ಮಾತಾಡುತ್ತಾಳೆಂದು ಕಾದ. ಫುಲ್ವಿಯಾ ಪಾತ್ರೆ ಕೆಳಗಿಟ್ಟು, "ತೆಗಿಯೋ ಆ ಹೊಲಸನ್ನ. ಒಂದು ಆಟದ ಸಾಮಾನಿಗೆ ನನ್ನ ಹಬ್ಬ ಕೆಡಿಸ್ತೀಯಲ್ಲ" ಎಂದಳು. ಅವನು ಎದ್ದು ಕೋಟು ಹಾಕಿಕೊಂಡ. ಯಾರೂ ತಡೆಯಲಿಲ್ಲ.

ಹೊಸ ಪಂದ್ಯಗಳು ಶುರುವಾಗುವ ಮುಂಚೆ ಫುಲ್ವಿಯಾಳೇ ಊಟದ ಡಬ್ಬಿ ಹಿಡಿದು ತಮ್ಮನ ಮನೆಗೆ ಬಂದಳು. ಭಾವನ ಹತ್ತಿರ ತಪ್ಪಾಯಿತೆಂದು ಹೇಳಿಬಿಡು, ಎಂಜಿನ್ ಕೆಲಸ ಮತ್ತೆ ನಿನಗೇ ಕೊಡುತ್ತಾರಂತೆ ಎಂದಳು.

"ತಪ್ಪಾಯ್ತು ಅನ್ನಬೇಕಾದೋನು ನಾನಾ ಅಕ್ಕಾ?"

"ಅವರಂತೂ ಅನ್ನಲ್ಲ. ನೀನೇ ಅಂದ್ಬಿಟ್ರೆ ಸವೆದು ಹೋಗ್ತೀಯಾ?"

ಅವನು ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ಸು ಕೊಟ್ಟ. ಆಮೇಲೆ ಅವಳು ಆ ಮೆಟ್ಟಿಲು ಹತ್ತಲಿಲ್ಲ.

ಒರೆಸ್ತೆ ಬ್ಯಾಟರಿ ಕಾರು ಕೊಂಡ. ಬಿಚ್ಚುವುದೂ ಬೇಡ, ತೊಳೆಯುವುದೂ ಬೇಡ. ಸದ್ದಿನ ಬಗ್ಗೆ ಅಕ್ಕಪಕ್ಕದವರ ದೂರು ಹೆಚ್ಚಾಗಿ ಕ್ಲಬ್ಬೂ ಅದೇ ದಾರಿ ಹಿಡಿಯಿತು, ಅವನನ್ನೇ ಅಧ್ಯಕ್ಷನನ್ನಾಗಿಯೂ ಮಾಡಿತು. ಇಲಾರಿಯೊ ಕಾರ್ಖಾನೆ ಮುಗಿಸಿ ಬಂದರೆ ಕೈಗೆ ಕೆಲಸವಿಲ್ಲದೆ ಕೂರತೊಡಗಿದ. ಹಬ್ಬದ ದಿನ ಸುಮ್ಮನಿದ್ದಿದ್ದರೆ ಚೆನ್ನಾಗಿರುತ್ತಿತ್ತೇನೋ ಎಂದು ಒಮ್ಮೆ ಕೇಳಿದೆ.

"ಸುಮ್ನಿದ್ದಿದ್ರೆ ಅಕ್ಕನ ಮನೇಲಿ ಊಟ ಸಿಗ್ತಿತ್ತು" ಎಂದ.

ಕಳೆದ ಭಾನುವಾರ ಊರ ಚೌಕದ ಹೋಟೆಲಿನಲ್ಲಿ ಅವನ ಜೊತೆ ಕಾಫಿ ಕುಡಿಯುತ್ತಿದ್ದೆ. ಒರೆಸ್ತೆ, ಫುಲ್ವಿಯಾ ಇಬ್ಬರೂ ಇಗರ್ಜಿಯ ಮೆಟ್ಟಿಲಿಳಿದು ಎದುರಿಗೇ ಹಾದುಹೋದರು. ಫುಲ್ವಿಯಾ ಈ ಕಡೆ ತಿರುಗಲಿಲ್ಲ. ಅವಳು ಮೂಲೆ ದಾಟುವವರೆಗೂ ಇವನು ನೋಡುತ್ತಲೇ ಇದ್ದ.